ಸ್ಮಶಾನಕ್ಕೆ ಕರೆದರೆ ಹೋಗಿ ಬನ್ನಿ

ಅಮೆರಿಕದ ಮೇನ್ ರಾಜ್ಯದ ಬ್ಯಾಂಗರ್‌ಗೆ ಬಂದು ಒಂಬತ್ತು ತಿಂಗಳಾಯಿತು ಎಂದು ಬರೆದಿದ್ದೀರಿ. ಮೂರು ಪ್ರಶ್ನೆ ಕೇಳಿದ್ದೀರಿ. ಈ ಚಳಿ ಎಂದಾದರೂ ಒಗ್ಗುತ್ತದೆಯೇ? ಇಷ್ಟು ದಿನದಲ್ಲಿ ಒಬ್ಬರೂ ಮನೆಗೆ ಕರೆದಿಲ್ಲ, ತಪ್ಪು ಯಾರದು? ಮೂರನೆಯದು, ಪಕ್ಕದ ಮನೆಯ ವೃದ್ಧೆ ಮೇ ಕೊನೆಯಲ್ಲಿ ಸೈನಿಕರ ಗೋರಿಗಳಿಗೆ ಬಾವುಟ ನೆಡಲು ಜೊತೆಗೆ ಬಾ ಎನ್ನುತ್ತಿದ್ದಾರೆ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಕಾದಾಡಿದ ತಮ್ಮ ಪೂರ್ವಜನ ಹಳೆಯ ಕಾಗದಗಳನ್ನು ಓದಲು ನೆರವು ಕೇಳುತ್ತಿದ್ದಾರೆ. ಊರಿನಲ್ಲಿ ನಿಮ್ಮ ಅಮ್ಮ ‘ಪರದೇಶಕ್ಕೆ ಹೋಗಿ ಸ್ಮಶಾನ ಸುತ್ತಬೇಡ’ ಎಂದು ಗದರುತ್ತಿದ್ದಾರೆ. ಏನು ಮಾಡಲಿ ಎಂದು ಕೇಳಿದ್ದೀರಿ.

ಚಳಿ ಒಗ್ಗುವುದಿಲ್ಲ. ನನಗೆ ಇಪ್ಪತ್ತಾರು ವರ್ಷವಾದರೂ ಒಗ್ಗಿಲ್ಲ. ಬೂಟಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ, ಅಷ್ಟೇ. ಎರಡನೆಯದರಲ್ಲಿ ತಪ್ಪು ಯಾರದೂ ಅಲ್ಲ. ಈ ರಾಜ್ಯದಲ್ಲಿ ಹುಟ್ಟದವರನ್ನೆಲ್ಲ ಇವರು ‘ಫ್ರಮ್ ಅವೇ’ ಎನ್ನುತ್ತಾರೆ. ನಮ್ಮ ಸಾಗರದ ಕಡೆ ‘ಘಟ್ಟದ ಕೆಳಗಿನವರು’ ಎಂದು ಮೂರು ತಲೆಮಾರಿನವರೆಗೂ ಕರೆಯುತ್ತಾರಲ್ಲ, ಹಾಗೆ. ಬಾಸ್ಟನ್ನಿನಿಂದ ಬಂದವರೂ ಇವರಿಗೆ ಹೊರಗಿನವರೇ. ಆದ್ದರಿಂದ ಮುಖದ ಬಣ್ಣ ನೋಡಿ ದೂರ ಇಟ್ಟಿದ್ದಾರೆ ಎಂದು ತಟ್ಟನೆ ತೀರ್ಮಾನಿಸಬೇಡಿ. ಕೆಲವೊಮ್ಮೆ ಕಾರಣ ಅದೂ ಇರುತ್ತದೆ. ಆದರೆ ಬಹಳಷ್ಟು ಸಲ ಇವರು ಮಾತು ಕಡಿಮೆಯ ಜನ, ಅಷ್ಟೇ.

ಮೂರನೆಯ ಪ್ರಶ್ನೆಗೆ ಉದ್ದವಾಗಿ ಬರೆಯುತ್ತೇನೆ. ಎರಡನೆಯದಕ್ಕೆ ಉತ್ತರವೂ ಅದರಲ್ಲೇ ಇದೆ. ಹೋಗಿ. ಈ ಊರಿನವರ ಬಾಯಿ ಬಿಡಿಸಬೇಕಾದರೆ ಅವರ ಕೆಲಸದ ಬಗ್ಗೆ, ಮಕ್ಕಳ ಬಗ್ಗೆ ಕೇಳಬಾರದು. ಸತ್ತುಹೋದ ಮುತ್ತಜ್ಜನ ಬಗ್ಗೆ ಕೇಳಬೇಕು. ನಾನು ಇದನ್ನು ಕಂಡುಕೊಂಡದ್ದು ತೀರ ತಡವಾಗಿ, ಮಗಳ ಮದುವೆಯಾದ ಮೇಲೆ.

ಅಳಿಯ ಇಲ್ಲಿಯವನು. ಅವನ ಅಜ್ಜಿಯ ಬಳಿ ಒಂದು ಬಿಸ್ಕತ್ತಿನ ಡಬ್ಬ ಇತ್ತು. ಅದರಲ್ಲಿ ಮನೆತನದ ಮೊದಲ ಸೈನಿಕನ ಬಗ್ಗೆ ಇದ್ದದ್ದು ಮೂರು ಸಾಲಿನ ಚೀಟಿ: ಹೆಸರು, ‘ಯುದ್ಧದಲ್ಲಿದ್ದ’, ‘ನದಿಯ ದಡದಲ್ಲಿ ಜಮೀನು ಮಾಡಿದ’. ಆತ ನನ್ನ ಮೊಮ್ಮಗಳಿಗೂ ಪೂರ್ವಜ ಎಂಬುದು ಹೊಳೆದ ದಿನ ನನಗೆ ಸುಮ್ಮನಿರಲು ಆಗಲಿಲ್ಲ. ನಮ್ಮ ಕಡೆಯ ವಂಶವೃಕ್ಷ ಹೇಳಲು ಎತ್ತಿನ ಮೇಲೆ ಕುಳಿತು ಹೆಳವರು ಬರುವ ಸೀಮೆಗಳಿವೆ. ಇಲ್ಲಿ ಅಂಥವರಿಲ್ಲ, ಕಾಗದವನ್ನೇ ಕೇಳಬೇಕು.

ಕಾಗದ ಬಾಯಿ ಬಿಡುವ ರೀತಿಯೇ ವಿಚಿತ್ರ. 1790ರ ಮೊದಲ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ. ಹೆಂಡತಿ ಮಕ್ಕಳೆಲ್ಲ ಬರೀ ಅಂಕಿ. ಮನೆಯ ಎಲ್ಲರ ಹೆಸರು ಬರೆಯತೊಡಗಿದ್ದು 1850ರಲ್ಲಿ, ಅದೂ ಗುಲಾಮರಲ್ಲದವರದು ಮಾತ್ರ. ನಡುವೆ 1840ರ ಗಣತಿ ಒಂದು ಉಪಕಾರ ಮಾಡಿದೆ: ಪಿಂಚಣಿ ಪಡೆಯುತ್ತಿದ್ದ ಮುದಿ ಸೈನಿಕರ ಹೆಸರು, ವಯಸ್ಸು ಬೇರೆಯಾಗಿ ಬರೆದುಕೊಂಡಿದೆ. ನಮ್ಮ ಸೈನಿಕ ಸಿಕ್ಕಿದ್ದು ಅಲ್ಲೇ. ಅದಕ್ಕೆ ಮೊದಲು ಎರಡು ವರ್ಷ ನಾವು ಅದೇ ಹೆಸರಿನ ಬೇರೊಬ್ಬನ ಬೆನ್ನು ಹತ್ತಿದ್ದೆವು. ಆತ ಯುದ್ಧದ ನಡುವೆಯೇ ಸಿಡುಬಿನಿಂದ ಸತ್ತಿದ್ದ. ಸತ್ತವನಿಗೆ ನಾವು ಹೆಂಡತಿಯನ್ನು ಕಟ್ಟಿ, ಜಮೀನು ಕೊಟ್ಟು, ಏಳು ಮಕ್ಕಳನ್ನೂ ಕೊಟ್ಟಿದ್ದೆವು. ಅಜ್ಜಿಗೆ ಹೇಳಿದಾಗ ಆಕೆ ನಕ್ಕದ್ದು ಇನ್ನೂ ಕಿವಿಯಲ್ಲಿದೆ. ನೀವು ಈ ಕೆಲಸಕ್ಕೆ ಕೈ ಹಾಕಿದರೆ ಹೆಸರನ್ನು ನಂಬಬೇಡಿ. ಒಂದೊಂದು ಊರಿನಲ್ಲಿ ಅದೇ ಜಾನ್, ಅದೇ ವಿಲಿಯಂ ನಾಲ್ಕು ಜನ ಇರುತ್ತಾರೆ, ನಮ್ಮಲ್ಲಿ ಗಣಪತಿ ಇದ್ದ ಹಾಗೆ. ಹೆಂಡತಿಯ ಹೆಸರು, ಪಕ್ಕದ ಜಮೀನಿನವನ ಹೆಸರು, ಇವೆರಡು ಹೊಂದಿದ ಮೇಲೆ ಮುಂದಕ್ಕೆ ಹೋಗಿ.

ನಿಜವಾದ ನಿಧಿ ಇರುವುದು ಪಿಂಚಣಿ ಕಡತಗಳಲ್ಲಿ. ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆಗಾರದಲ್ಲಿ ಇಂಥವು ಸುಮಾರು 80,000 ಇವೆ, ಈಗ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಯುದ್ಧ ಇಲಾಖೆಯ ಕಚೇರಿ 1800ರ ನವೆಂಬರಿನಲ್ಲಿ ಬೆಂಕಿಗೆ ಸಿಕ್ಕಿ ಮೂಲ ದಾಖಲೆಗಳು ಹೋದವು. ಹಾಗಾಗಿ ಪಿಂಚಣಿ ಬೇಕಾದ ಮುದುಕ ನ್ಯಾಯಾಲಯಕ್ಕೆ ಬಂದು, ಪ್ರಮಾಣ ಮಾಡಿ, ಯಾವ ಕ್ಯಾಪ್ಟನ್ನನ ಕೈಕೆಳಗಿದ್ದೆ, ಎಲ್ಲಿ ನಡೆದೆ, ಎಲ್ಲಿ ಗಾಯವಾಯಿತು ಎಂದು ಬಾಯಿಯಲ್ಲಿ ಹೇಳಬೇಕಾಯಿತು. 1818ರ ಕಾಯ್ದೆಯಲ್ಲಿ ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 8 ಡಾಲರ್, ಆದರೆ ಬಡವನಾಗಿರಬೇಕು. 1820ರಲ್ಲಿ ಇನ್ನೂ ಬಿಗಿ ಮಾಡಿ, ಮನೆಯಲ್ಲಿರುವ ಸ್ವತ್ತನ್ನೆಲ್ಲ ಪಟ್ಟಿ ಮಾಡಿ ಕೊಡು ಎಂದರು. 1832ರಲ್ಲಿ ಬಡತನದ ಷರತ್ತು ಹೋಯಿತು. ನಮ್ಮವನು ಬಂದದ್ದು ಆಗ. ಗುಮಾಸ್ತ ಬರೆದುಕೊಂಡ ಎರಡು ಪುಟದ ಕೆಳಗೆ ಆತನ ಸಹಿ ಇಲ್ಲ. ಹೆಬ್ಬೆಟ್ಟಿನ ಬದಲು ಇಲ್ಲಿಯವರು ಹಾಕುತ್ತಿದ್ದ ಅಡ್ಡಗೀಟಿನ ಗುರುತು ಇದೆ. ಒಂದು ಗೀಟು ನಡುವೆ ನಿಂತು ಮತ್ತೆ ಮುಂದುವರಿದಿದೆ. ಕೈ ನಡುಗಿರಬೇಕು.

ನನಗೆ ಆ ಕಾಗದ ಕಂಡಾಗ ನೆನಪಾದದ್ದು ನಮ್ಮ ಅಪ್ಪ ‘ಡಿಕ್ಲರೇಷನ್’ ಕೊಟ್ಟದ್ದು. 1974ರ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಬಂದ ಮೇಲೆ ಗೇಣಿದಾರರೆಲ್ಲ ನಮೂನೆ 7 ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಈ ಗದ್ದೆ ಉತ್ತವನು ನಾನೇ ಎಂದು ಅಕ್ಕಪಕ್ಕದವರ ಸಾಕ್ಷಿ ಕೊಡಿಸಿ ಹೇಳಬೇಕಿತ್ತು. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದರು. ನಲವತ್ತು ವರ್ಷ ಉತ್ತದ್ದಕ್ಕೆ ಸಾಕ್ಷಿ ಕೇಳುತ್ತಾರಲ್ಲ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಒಂದೇ ಸಲ ಹೇಳಿದ್ದರು.

ನಮ್ಮ ಸೈನಿಕನ ಎರಡು ಪುಟದಲ್ಲಿ ಜೀವನ ಕಡಿಮೆ, ತಾರೀಖು ಹೆಚ್ಚು. ಅದಕ್ಕೆ ಮಾಂಸ ತುಂಬಲು ನಾನು ಹಿಡಿದದ್ದು ಅವನಂತೆಯೇ ನದಿ ದಡದಲ್ಲಿದ್ದ ಇನ್ನೊಬ್ಬ ರೈತ ಸೈನಿಕನನ್ನು: ಜೋಸೆಫ್ ಪ್ಲಂಬ್ ಮಾರ್ಟಿನ್. ನಿಮ್ಮ ಮನೆಯಿಂದ ಪೆನಾಬ್‌ಸ್ಕಾಟ್ ನದಿಯ ಜೊತೆಗೇ ಕೆಳಗೆ ಹೋದರೆ ಸ್ಟಾಕ್ಟನ್ ಸ್ಪ್ರಿಂಗ್ಸ್ ಸಿಗುತ್ತದೆ, ಅಲ್ಲಿಯ ಸ್ಯಾಂಡಿ ಪಾಯಿಂಟ್ ಸ್ಮಶಾನದಲ್ಲಿ ಆತ ಇದ್ದಾನೆ. ಆತನೂ ಫ್ರಮ್ ಅವೇ! 1760ರಲ್ಲಿ ಮ್ಯಾಸಚೂಸೆಟ್ಸ್‌ನ ಬೆಕೆಟ್‌ನಲ್ಲಿ ಹುಟ್ಟಿ, ಕನೆಕ್ಟಿಕಟ್‌ನಲ್ಲಿ ಅಜ್ಜನ ಮನೆಯಲ್ಲಿ ಬೆಳೆದವನು. ಹದಿನೈದರಲ್ಲಿ, 1776ರಲ್ಲಿ, ಆರು ತಿಂಗಳಿಗೆಂದು ಸೇನೆ ಸೇರಿದ. ಮರುವರ್ಷ ಮತ್ತೆ ಸೇರಿ ಯುದ್ಧ ಮುಗಿಯುವವರೆಗೂ ಇದ್ದ. ಮುಪ್ಪಿನಲ್ಲಿ ಕುಳಿತು ಅದನ್ನೆಲ್ಲ ಬರೆದ. 1830ರಲ್ಲಿ ಹ್ಯಾಲೊವೆಲ್‌ನಲ್ಲಿ ಅಚ್ಚಾಯಿತು, ಹೆಸರಿಲ್ಲದೆ. ಸೇನಾಪತಿಗಳು ಬರೆದದ್ದು ಬೇಕಾದಷ್ಟಿದೆ, ಬೂಟಿಲ್ಲದೆ ನಡೆದವನು ಇಷ್ಟು ವಿವರವಾಗಿ ಬರೆದದ್ದು ಅಪರೂಪ.

ಅದರಲ್ಲಿ ಹೆಚ್ಚಾಗಿರುವುದು ಹಸಿವು. 1777ರ ಡಿಸೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ ಕೃತಜ್ಞತೆಯ ಹಬ್ಬ ಆಚರಿಸಿ ಎಂದು ಸಾರಿತು. ಎರಡು ಮೂರು ದಿನ ಏನೂ ಕಾಣದ ಸೈನಿಕರಿಗೆ ಹಬ್ಬದೂಟ ಬಂತು: ತಲೆಗೆ ಅರ್ಧ ಗಿಲ್ ಅಕ್ಕಿ, ಒಂದು ಚಮಚ ವಿನೆಗರ್. ಅರ್ಧ ಗಿಲ್ ಎಂದರೆ ಚಿಕ್ಕ ಕಾಫಿ ಲೋಟದ ಅರ್ಧಕ್ಕೂ ಕಡಿಮೆ. ಅನ್ನ ತಿಂದು ಬೆಳೆದ ನಮಗೆ ಆ ಅಳತೆ ಇಲ್ಲಿಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಅಜ್ಜಿಗೆ ತೋರಿಸಲೆಂದು ಅಷ್ಟು ಅಕ್ಕಿಯನ್ನು ಒಂದು ಬಟ್ಟಲಿಗೆ ಹಾಕಿ ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ಆಕೆ ಬೆರಳಿನಿಂದ ಕಾಳುಗಳನ್ನು ಸರಿಸುತ್ತ ಬಹಳ ಹೊತ್ತು ಕುಳಿತಿದ್ದಳು. ಆ ಮೇಲೆ ಮೊದಲ ಸಲ ನನ್ನ ಅಪ್ಪನ ಬಗ್ಗೆ ಕೇಳಿದಳು.

1781ರ ಅಕ್ಟೋಬರಿನಲ್ಲಿ ಮಾರ್ಟಿನ್ ಯಾರ್ಕ್‌ಟೌನ್‌ನ ಮುತ್ತಿಗೆಯಲ್ಲಿದ್ದ, ಕಂದಕ ತೋಡುವ ದಳದಲ್ಲಿ ಸಾರ್ಜೆಂಟ್ ಆಗಿ. ಅಗೆತ ಶುರುವಾದ ರಾತ್ರಿ ಸೇನಾಪತಿ ವಾಷಿಂಗ್ಟನ್ ಸ್ವತಃ ಬಂದು ಗುದ್ದಲಿಯಿಂದ ನಾಲ್ಕು ಏಟು ಹಾಕಿ ಹೋದದ್ದನ್ನು, ಮುಂದೆ ಚರಿತ್ರೆಯಲ್ಲಿ ‘ವಾಷಿಂಗ್ಟನ್ನೇ ಮೊದಲು ಅಗೆದ’ ಎಂದು ಬರಲಿ ಎಂದಿರಬೇಕು ಎಂಬ ಕುಚೋದ್ಯದೊಂದಿಗೆ ಬರೆದಿದ್ದಾನೆ. ಆ ಕಂದಕದ ಆಚೆ ಸಿಕ್ಕಿಬಿದ್ದವನು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್. ಶರಣಾಗುವ ದಿನ ಮೈ ಸರಿಯಿಲ್ಲ ಎಂದು ಹೇಳಿ ತನ್ನ ಬದಲು ಬೇರೊಬ್ಬನನ್ನು ಕಳಿಸಿದ. ಅದೇ ಕಾರ್ನ್‌ವಾಲಿಸ್ ಹತ್ತು ವರ್ಷದಲ್ಲಿ, 1791ರ ಮಾರ್ಚಿನಲ್ಲಿ, ಬೆಂಗಳೂರಿನ ಕೋಟೆ ಹಿಡಿದ. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡ. 1782ರಲ್ಲಿ ಇಲ್ಲಿಯ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರೇ ಹೈದರ್ ಅಲಿ. ಎರಡೂ ಕಡೆ ಒಬ್ಬನೇ ವೈರಿ ಎಂದು ಅವರಿಗೆ ಆಗಲೇ ಗೊತ್ತಿತ್ತು. ಮೊಮ್ಮಗಳಿಗೆ ಇದನ್ನು ಹೇಳಿದಾಗ ‘ಹಾಗಾದರೆ ನಾವು ಎರಡು ಕಡೆಯಿಂದಲೂ ಅವನೊಂದಿಗೆ ಜಗಳವಾಡಿದ್ದೇವೆ’ ಎಂದಳು. ನಮ್ಮ ಮನೆಯವರು ಅಡಿಕೆ ಸುಲಿಯುತ್ತಿದ್ದರು ಎಂದು ನಾನು ತಿದ್ದಲು ಹೋಗಲಿಲ್ಲ.

ಯುದ್ಧದ ಕಥೆಗಿಂತ ನನ್ನನ್ನು ಹಿಡಿದದ್ದು ಆ ಮೇಲಿನ ಕಥೆ. ಸೇನೆಯಿಂದ ಹೊರಬಂದಾಗ ಸೈನಿಕರ ಕೈಯಲ್ಲಿದ್ದದ್ದು ಸಂಬಳದ ಬದಲಿನ ಚೀಟಿ, ನೂರು ಎಕರೆ ಭೂಮಿಯ ಭರವಸೆ. ಬಹಳ ಜನ ಆ ಭರವಸೆಯನ್ನು ಊರಿಗೆ ಹೋಗುವ ಖರ್ಚಿಗೆ ದಲ್ಲಾಳಿಗಳಿಗೆ ಮಾರಿದರು. ಮಾರ್ಟಿನ್ 1784ರ ಸುಮಾರಿಗೆ ಇಲ್ಲಿಗೆ ಬಂದು, ಖಾಲಿ ಕಂಡ ಕಾಡಿನಲ್ಲಿ ನೂರು ಎಕರೆ ಹಿಡಿದು ಮರ ಕಡಿದು ಕುಳಿತ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಬಗರ್ ಹುಕುಂ ಸಾಗುವಳಿ. ಕಾಡು ಖಾಲಿ ಇರಲಿಲ್ಲ ಎಂಬುದು ಬೇರೆ ಮಾತು. ನದಿಗೆ ಯಾರ ಹೆಸರಿದೆಯೋ ಆ ಪೆನಾಬ್‌ಸ್ಕಾಟ್ ಜನ ಇದ್ದರು, ಇಂದಿಗೂ ಬ್ಯಾಂಗರ್‌ನ ಮೇಲ್ಗಡೆಯ ನದಿ ದ್ವೀಪದಲ್ಲಿ ಇದ್ದಾರೆ. ಅವರ ಭೂಮಿಯ ದಾವೆ ಇತ್ಯರ್ಥವಾದದ್ದು 1980ರಲ್ಲಿ.

ಆ ಕಾಡಿಗೆ ಕಾಗದದ ಮೇಲೆ ಒಡೆಯನೊಬ್ಬ ಹುಟ್ಟಿಕೊಂಡ. ಹೆನ್ರಿ ನಾಕ್ಸ್. ವಾಷಿಂಗ್ಟನ್ನಿನ ಫಿರಂಗಿ ದಳದ ಮುಖ್ಯಸ್ಥ, ಮೊದಲ ಯುದ್ಧ ಮಂತ್ರಿ. ಹೆಂಡತಿಯ ತಾಯಿಯ ಮನೆಯ ಕಡೆಯ ಹಳೆಯ ಸನ್ನದು ಹಿಡಿದು ಲಕ್ಷಾಂತರ ಎಕರೆ ತನ್ನದು ಎಂದ. ಯಾರ್ಕ್‌ಟೌನ್‌ನಲ್ಲಿ ಮಾರ್ಟಿನ್ ತೋಡಿದ ಕಂದಕದ ಹಿಂದೆ ನಿಂತು ಗುಂಡು ಹಾರಿಸಿದ್ದು ಇದೇ ನಾಕ್ಸ್‌ನ ಫಿರಂಗಿಗಳು. ಹದಿನಾರು ವರ್ಷದ ಮೇಲೆ, 1797ರಲ್ಲಿ, ಅವನ ಹಕ್ಕನ್ನು ಎತ್ತಿಹಿಡಿಯಲಾಯಿತು. ಮಾರ್ಟಿನ್ ತಾನೇ ಹಸನು ಮಾಡಿದ ನೆಲಕ್ಕೆ 170 ಡಾಲರ್ ಕೊಡಬೇಕೆಂದಾಯಿತು. ಆತ ಜಮೀನು ಬಿಡಿಸಬೇಡಿ ಎಂದು ಬೇಡಿಕೊಂಡು ನಾಕ್ಸ್‌ಗೆ ಪತ್ರ ಬರೆದ. ನಾಕ್ಸ್ ಥಾಮಸ್ಟನ್‌ನಲ್ಲಿ ಅರಮನೆಯಂಥ ಮನೆ ಕಟ್ಟಿಸಿಕೊಂಡು, 1806ರಲ್ಲಿ ಕೋಳಿಯ ಮೂಳೆ ಗಂಟಲಿಗೆ ಸಿಕ್ಕಿ ಸತ್ತ. 1811ರ ಹೊತ್ತಿಗೆ ಮಾರ್ಟಿನ್‌ನ ಜಮೀನು ಅರ್ಧವಾಗಿತ್ತು. 1820ರಲ್ಲಿ ಆತ ನ್ಯಾಯಾಲಯಕ್ಕೆ ಕೊಟ್ಟ ಸ್ವತ್ತಿನ ಪಟ್ಟಿಯಲ್ಲಿ ಭೂಮಿಯೇ ಇಲ್ಲ. ಎರಡು ಹಸು, ಆರು ಕುರಿ, ಒಂದು ಹಂದಿ.

ಕಾಗೋಡಿನ ನೆರೆಯಲ್ಲಿ ಬೆಳೆದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ 1951ರಲ್ಲಿ ಗೇಣಿ ಭತ್ತ ಅಳೆಯುವ ಕೊಳಗದಿಂದ ಜಗಳ ಹತ್ತಿತು. ಇಲ್ಲಿಯೂ ಸಾಗುವಳಿದಾರರು ರಾತ್ರಿ ವೇಷ ಹಾಕಿ ಒಡೆಯರ ಸರ್ವೇಯರುಗಳನ್ನು ಓಡಿಸುತ್ತಿದ್ದರು. ಯಾವ ವೇಷ ಗೊತ್ತೇ? ಅಮೆರಿಕದ ಮೂಲನಿವಾಸಿ ಇಂಡಿಯನ್ನರದು! ಯಾರ ನೆಲವೋ ಅವರದೇ ವೇಷ.

ಭೂಮಿ ಹೋದರೂ ಮಾರ್ಟಿನ್ ಊರು ಬಿಡಲಿಲ್ಲ. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಊರಿನ ಗುಮಾಸ್ತನಾಗಿ ಯಾರ ಮನೆಯಲ್ಲಿ ಹುಟ್ಟು, ಯಾರ ಮನೆಯಲ್ಲಿ ಮದುವೆ ಎಂದು ಬರೆದುಕೊಂಡಿದ್ದ. 1850ರಲ್ಲಿ, ಎಂಬತ್ತೊಂಬತ್ತು ವರ್ಷದವನಾಗಿ ತೀರಿಕೊಂಡ. ಫ್ರಮ್ ಅವೇ ಮನುಷ್ಯನ ಕೈಬರಹದಲ್ಲಿ ಈ ಊರಿನವರ ಹುಟ್ಟು ಸಾವು ದಾಖಲಾಗಿರುವುದನ್ನು ನಾನು ಇಲ್ಲಿಯವರಿಗೆ ಆಗಾಗ ನೆನಪಿಸುತ್ತೇನೆ. ಸ್ವಲ್ಪ ಚುಚ್ಚುವುದೂ ಬೇಕಾಗುತ್ತದೆ.

ಈಗ ನಿಮ್ಮ ಪಕ್ಕದ ಮನೆಯವರ ವಿಷಯ. ಕಾಗದ ಓದಲು ನಿಮ್ಮನ್ನೇ ಏಕೆ ಕೇಳಿದರು ಎಂದು ಆಶ್ಚರ್ಯಪಟ್ಟಿದ್ದೀರಿ. ಇಲ್ಲಿಯ ಚಿಕ್ಕವರಿಗೆ ಕೂಡಿಸಿ ಬರೆದ ಇಂಗ್ಲಿಷ್ ಅಕ್ಷರ (ಕರ್ಸಿವ್) ಓದಲು ಬರುವುದಿಲ್ಲ, ಹಲವು ಶಾಲೆಗಳಲ್ಲಿ ಕಲಿಸುವುದನ್ನೇ ಬಿಟ್ಟಿದ್ದರು. ನಾವು ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಬೆರಳು ನೋಯುವವರೆಗೆ ಬರೆದವರು. ಒಂದು ಸುಳಿವು ಕೊಡುತ್ತೇನೆ: ಆ ಕಾಲದವರ ಎಸ್ ಅಕ್ಷರ ಪದದ ನಡುವೆ ಎಫ್‌ನಂತೆ ಕಾಣುತ್ತದೆ. ಅಷ್ಟು ಗೊತ್ತಿದ್ದರೆ ಅರ್ಧ ಓದಿದಂತೆಯೇ.

ಊರಿನ ಚರ್ಚಿನಲ್ಲಿ ಶನಿವಾರದ ಬೀನ್ಸ್ ಊಟಕ್ಕೆ ಕರೆದರೆ ಹೋಗಿ. ಆದರೆ ಆ ಬೀನ್ಸ್ ಕಾಳನ್ನು ಹಂದಿಯ ಕೊಬ್ಬು ಹಾಕಿ ಬೇಯಿಸಿರುತ್ತಾರೆ, ನೀವು ಸಸ್ಯಾಹಾರಿಯಾದರೆ ನಿಮ್ಮದೇ ಚಿತ್ರಾನ್ನದ ಪಾತ್ರೆ ಒಯ್ಯಿರಿ. ಮೊದಲು ಖಾಲಿಯಾಗುವುದು ಅದೇ.

ಅಮ್ಮನಿಗೆ ಸುಳ್ಳು ಹೇಳಬೇಡಿ. ಇದು ನಮ್ಮ ಸ್ಮಶಾನದಂತಲ್ಲ, ಹುಲ್ಲು ಬೆಳೆದ ತೋಟದಂತಿರುತ್ತದೆ, ಮಕ್ಕಳೂ ಬರುತ್ತಾರೆ ಎನ್ನಿ. ನಮ್ಮಲ್ಲಿ ವೀರಗಲ್ಲಿಗೆ ಎಣ್ಣೆ ಹಚ್ಚುತ್ತಾರಲ್ಲ, ಅದೇ ಎನ್ನಿ, ಅರ್ಥವಾಗುತ್ತದೆ. ಮನೆಗೆ ಬಂದು ಸ್ನಾನ ಮಾಡುತ್ತೇನೆ ಎಂದೂ ಸೇರಿಸಿ.

ಹೋಗುವಾಗ ತಲೆಗೆ ಸೊಳ್ಳೆ ಪರದೆಯ ಟೋಪಿ ಇರಲಿ, ಮೇ ತಿಂಗಳಿನಲ್ಲಿ ಕಪ್ಪು ನೊಣ ಕಿವಿಯ ಹಿಂದೆ ಕಚ್ಚಿ ರಕ್ತ ಬರಿಸುತ್ತದೆ. ಬಚ್ಚಲಿನ ಗೋಡೆಯಲ್ಲಿ ನೇತುಹಾಕುವಂಥ ಒಂದು ಕನ್ನಡಿ ಒಯ್ಯಿರಿ. ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣದ ಬಳಪ ತಿಕ್ಕಲು, ಶೇವಿಂಗ್ ಕ್ರೀಮ್ ಹಚ್ಚಲು ಯಾರಾದರೂ ಹೇಳಿದರೆ ಒಪ್ಪಬೇಡಿ, ಕಲ್ಲು ಹಾಳಾಗುತ್ತದೆ. ಪಕ್ಕಕ್ಕೆ ನಿಂತು ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಕಲ್ಲಿನ ಮೇಲೆ ಬಿಡಿ. ಸವೆದು ಮಾಸಿಹೋದ ಹೆಸರು ಒಂದೊಂದೇ ಅಕ್ಷರವಾಗಿ ಎದ್ದು ಬರುತ್ತದೆ. ಆಗ ಗಟ್ಟಿಯಾಗಿ ಓದಿ. ಆಕೆಗೆ ಕಣ್ಣು ಮಂದ ಎಂದು ನೀವೇ ಬರೆದಿದ್ದೀರಿ.