ಹಗಲು ಕಚ್ಚುವ ಸೊಳ್ಳೆನಾ? ಫ್ರಿಜ್ ಹಿಂದೆ ನೋಡಿ

ಹತ್ತಿರ ಚರಂಡಿಯೇ ಇಲ್ಲ, ಆದರೂ ಹಗಲಲ್ಲೇ ಸೊಳ್ಳೆ ಕಚ್ಚುತ್ತಿವೆಯಾ? ಸೊಳ್ಳೆಯ ಕಾಲಿನ ಮೇಲೆ ಬಿಳಿ ಪಟ್ಟೆ ಇದ್ದರೆ ಅದು ಈಡಿಸ್, ಡೆಂಗ್ಯೂ ಹರಡುವ ಸೊಳ್ಳೆ. ಅದಕ್ಕೆ ಚರಂಡಿ ಬೇಡ, ಮನೆಯೊಳಗಿನ ತಿಳಿನೀರೇ ಸಾಕು. ನಮ್ಮನೆಯಲ್ಲಿ ಸಿಕ್ಕಿದ್ದು ಫ್ರಿಜ್ ಹಿಂದಿನ ಟ್ರೇಯಲ್ಲಿ! ಟಾರ್ಚ್ ಬಿಟ್ಟರೆ ಮರಿಹುಳುಗಳು ಕುಣಿಯುತ್ತಿದ್ದವು. ಮನಿಪ್ಲಾಂಟ್ ಬಾಟಲಿ, ಸಂಪನ್ನೂ ನೋಡಿ.

ಸುಮ್ನೆ ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ಪಾತ್ರೆಯ ಒಳಬದಿಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ತೆಂಗಿನ ನಾರು ಹಾಕಿ ಗಸಗಸ ತಿಕ್ಕಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ, ಹಾಗಾಗಿ ವಾರಕ್ಕೊಮ್ಮೆ ತಿಕ್ಕೋದು ತಪ್ಪಿಸಬೇಡಿ. ಫಾಗಿಂಗ್ ನೆಚ್ಚಿಕೊಳ್ಳಬೇಡಿ, ಆ ಹೊಗೆ ಹಾರುವ ಸೊಳ್ಳೆಗಷ್ಟೇ. ಪಕ್ಕದ ಮನೆಯವರಿಗೂ ಹೇಳಿ, ಅವರ ನೀರಿನ ಡ್ರಮ್ಮಿನಿಂದ ಹಾರಿ ಬರೋ ಸೊಳ್ಳೆಗೆ ನಿಮ್ಮನೆ ಏನು ಮಹಾ ದೂರ!