ಲಿಮಿಟೆಡ್ ಎಡಿಷನ್ ಅಂದರೆ ಅಪರೂಪ ಅಂತಲ್ಲ

ನೀವು ಕೇಳಿದ್ದು ಇಷ್ಟು: ಪಾಶ್ಚಾತ್ಯರ ಮಾಂತ್ರಿಕ ವಿದ್ಯೆಯ ಅಪರೂಪದ ಪುಸ್ತಕಗಳನ್ನು ಕೂಡಿಡುವ ಆಸೆಯಿದೆ. ಚರ್ಮದ ಬೈಂಡಿಂಗಿನ, ಕೈಯಲ್ಲೇ ನಂಬರ್ ಬರೆದ, 'ಬರೀ 500 ಪ್ರತಿ' ಎನ್ನುವ ಹೊಸ ಪುಸ್ತಕವೊಂದು 30 ಸಾವಿರ ರೂಪಾಯಿಗೆ ಸಿಗುತ್ತಿದೆ. ಮೊದಲ ಪುಸ್ತಕ ಅಂತ ಅದನ್ನೇ ಕೊಳ್ಳಲಾ?

ಸದ್ಯಕ್ಕೆ ಬೇಡ.

ನನಗೆ ಈ ಹುಚ್ಚು ಹಿಡಿದು ಹದಿನೈದು ವರ್ಷವಾಯಿತು. ಮಂತ್ರ ಹಾಕುವವನಲ್ಲ ನಾನು. ಅಮ್ಮ ಮಾತ್ರ ಇವತ್ತಿಗೂ ಆ ಬೀರುವಿನ ಕಡೆ ನೋಡಿ "ಮಾಟದ ಪುಸ್ತಕ ಮನೇಲಿ ಇಟ್ಕೋಬೇಡ ಕಣೋ" ಅನ್ನುತ್ತಾಳೆ. ನನ್ನನ್ನು ಹಿಡಿದಿದ್ದು ಒಳಗಿನ ಗುಟ್ಟಲ್ಲ. ಆ ಪುಸ್ತಕ ಹೇಗೆ ತಯಾರಾಯಿತು, ಯಾರ ಯಾರ ಕೈ ದಾಟಿ ಬಂತು ಅನ್ನುವುದು.

ಮೊದಲು ಈ 'ಲಿಮಿಟೆಡ್' ಎಂಬ ಮಾತು. ಇಂಗ್ಲೆಂಡಿನ ಮಾಂತ್ರಿಕ, ಲೇಖಕ ಅಲಿಸ್ಟರ್ ಕ್ರೌಲಿಯ 'ದಿ ಬುಕ್ ಆಫ್ ಥಾತ್' 1944ರಲ್ಲಿ, ಯುದ್ಧದ ನಡುವೆ, ಲಂಡನ್ನಿನಲ್ಲಿ ಬಂತು. ಟ್ಯಾರೋ, ಅಂದರೆ ಭವಿಷ್ಯ ನೋಡಲು ಬಳಸುವ ಚಿತ್ರದ ಕಾರ್ಡುಗಳ ಕುರಿತ ಪುಸ್ತಕ. ಚಿತ್ರ ಬರೆದವರು ಫ್ರೀಡಾ ಹ್ಯಾರಿಸ್. 200 ಪ್ರತಿ, ಪ್ರತಿಯೊಂದಕ್ಕೂ ನಂಬರ್, ಕ್ರೌಲಿಯ ಸಹಿ. ಬೆಲೆ ವಿಪರೀತ, ಆದರೂ ಈಗಲೂ ಆಗಾಗ ಮಾರಾಟಕ್ಕೆ ಬರುತ್ತಿರುತ್ತದೆ. ಯಾಕೆ ಗೊತ್ತಾ? ಹುಟ್ಟಿದ ದಿನವೇ ದುಬಾರಿಯಾಗಿದ್ದ ಪುಸ್ತಕವನ್ನು ಯಾರೂ ರದ್ದಿಗೆ ಹಾಕಲಿಲ್ಲ. ಕೊಂಡವರು ಜೋಪಾನ ಮಾಡಿದರು.

ಇನ್ನು ಇಂಗ್ಲೆಂಡಿನ ಚಿತ್ರಕಾರ ಆಸ್ಟಿನ್ ಆಸ್ಮನ್ ಸ್ಪೇರ್ ನೋಡಿ. 1905ರಲ್ಲಿ, ಇನ್ನೂ 18 ವರ್ಷದ ಹುಡುಗ, 'ಅರ್ಥ್ ಇನ್‌ಫರ್ನೋ' ಅಂತ ತನ್ನದೇ ಚಿತ್ರಗಳ ಪುಸ್ತಕವನ್ನು 265 ಪ್ರತಿ ಅಚ್ಚು ಹಾಕಿಸಿದ. ಆಮೇಲೆ ಬಹಳ ವರ್ಷ ಅವನನ್ನು ಕೇಳುವವರೇ ಕಡಿಮೆ. 1941ರಲ್ಲಿ ಬಾಂಬ್ ಬಿದ್ದು ಅವನ ಸ್ಟುಡಿಯೋ ಹೋಯಿತು, ಎಷ್ಟೋ ಕೆಲಸ ಬೂದಿಯಾಯಿತು. ಹೀಗೆ ಬೆಲೆ ಗೊತ್ತಿಲ್ಲದ ಕಾಲದಲ್ಲಿ ಕಳೆದುಹೋದದ್ದೇ ನಿಜಕ್ಕೂ ಅಪರೂಪ. ಈಗಿನ 500 ಪ್ರತಿಯ ಪುಸ್ತಕ ಕೊಳ್ಳುವವರೆಲ್ಲ ನಿಮ್ಮ ಹಾಗೇ ಜೋಪಾನ ಮಾಡುವವರು. ಐವತ್ತು ವರ್ಷ ಬಿಟ್ಟರೂ ಹೆಚ್ಚು ಕಡಿಮೆ 500 ಇದ್ದೇ ಇರುತ್ತವೆ, ಅಲ್ವಾ?

ನಾನು ಮೋಸ ಹೋದ ಕಥೆಯನ್ನೂ ಹೇಳಿಬಿಡುತ್ತೇನೆ. ಕ್ರೌಲಿ 1909ರಿಂದ 1913ರವರೆಗೆ 'ದಿ ಈಕ್ವಿನಾಕ್ಸ್' ಅಂತ ಪತ್ರಿಕೆ ನಡೆಸಿದ. ವರ್ಷಕ್ಕೆ ಎರಡು, ಹಗಲು ರಾತ್ರಿ ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರ್‌ಗೆ ಒಂದೊಂದು, ಒಟ್ಟು ಹತ್ತು ಸಂಚಿಕೆ. ಪತ್ರಿಕೆ ಅಂದರೂ ದಪ್ಪ ಪುಸ್ತಕವೇ. ಮೂರನೆಯ ಸಂಚಿಕೆಯದ್ದು ದೊಡ್ಡ ರಗಳೆ. ಗೋಲ್ಡನ್ ಡಾನ್ ಎಂಬ ಗುಪ್ತ ಸಂಘದ ವಿಧಿಗಳನ್ನು ಕ್ರೌಲಿ ಅದರಲ್ಲಿ ಅಚ್ಚು ಹಾಕಲು ಹೊರಟಿದ್ದ. ಸಂಘದ ಮುಖ್ಯಸ್ಥ ಮ್ಯಾಥರ್ಸ್ ಕೋರ್ಟಿಗೆ ಹೋಗಿ ತಡೆ ತಂದ. ಮೇಲಿನ ಕೋರ್ಟಿನಲ್ಲಿ ಆ ತಡೆ ಬಿದ್ದುಹೋಯಿತು. ಪೇಪರಿನವರಿಗೆ ಹಬ್ಬ. ಗುಟ್ಟಾಗಿರಬೇಕಾದ ವಿಷಯ ಊರಿಗೆಲ್ಲ ಗೊತ್ತಾಯಿತು. ಇಂಥ ಕಥೆ ಓದಿದ ಮೇಲೆ ಆ ಸಂಚಿಕೆ ನನಗೆ ಬೇಕೇ ಬೇಕು ಅನ್ನಿಸಿತು.

ಆನ್‌ಲೈನ್ ಹರಾಜಿನಲ್ಲಿ ಸಿಕ್ಕಿತು. ಒಳಗಿನ ಶೀರ್ಷಿಕೆ ಪುಟದ ಫೋಟೋದಲ್ಲಿ 1910 ಅಂತ ಸ್ಪಷ್ಟವಾಗಿತ್ತು. ಹಿಂದೆ ಮುಂದೆ ನೋಡದೆ ಕೊಂಡೆ. ಬಂದ ಮೇಲೆ ನೋಡಿದರೆ ಹಳೆಯ ಪುಟಗಳನ್ನು ಫೋಟೋ ತೆಗೆದು ಮುದ್ರಿಸಿದ ಪ್ರತಿ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ವೈಸರ್ ಪ್ರಕಾಶನ 1972ರಲ್ಲಿ ಹತ್ತೂ ಸಂಚಿಕೆಗಳನ್ನು ಹಾಗೆ ತಂದಿತ್ತು, ರಾಜಾರೋಷವಾಗಿ, ಮರುಮುದ್ರಣ ಎಂದೇ. ಪ್ರಕಾಶಕರದ್ದು ಏನೂ ತಪ್ಪಿಲ್ಲ. ಮಾರಿದವನು ಒಂದೇ ಪುಟದ ಫೋಟೋ ಹಾಕಿದ್ದ, ನಾನು ಇನ್ನೊಂದು ಕೇಳಲಿಲ್ಲ.

ಆವತ್ತಿನಿಂದ ಶೀರ್ಷಿಕೆ ಪುಟದ ಹಿಂಬದಿಯ, ಅಂದರೆ ಮುದ್ರಣದ ವಿವರ ಇರುವ ಪುಟದ ಫೋಟೋ ಇಲ್ಲದೆ ಕಾಸು ಬಿಚ್ಚುವುದಿಲ್ಲ. ಪುಸ್ತಕ ಕೈಗೆ ಸಿಕ್ಕರೆ ಇನ್ನೂ ಸುಲಭ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ, ಹಿಂಬದಿಗೆ ಬೆರಳು ಸವರಿ. ಆಗಿನ ಕಾಲದಲ್ಲಿ ಸೀಸದ ಅಚ್ಚುಮೊಳೆ ಕಾಗದವನ್ನು ಒತ್ತುತ್ತಿತ್ತು, ಎಷ್ಟೋ ಸಲ ಆ ಒತ್ತು ಬೆರಳಿಗೆ ತಾಗುತ್ತದೆ. ಫೋಟೋ ತೆಗೆದು ಮುದ್ರಿಸುವ ಆಫ್‌ಸೆಟ್ ವಿಧಾನದಲ್ಲಿ ಹಾಳೆ ನುಣುಪು. ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡುವುದೂ ಒಳ್ಳೆಯದು. ನನ್ನದು ಹತ್ತು ರೂಪಾಯಿಯ ಪ್ಲಾಸ್ಟಿಕ್ ಗಾಜು, ಸಾಕಾಗುತ್ತದೆ.

ಇನ್ನೊಂದು ಮಾತು. ಓದುವ ಆಸೆಗೆ ದುಡ್ಡು ಸುರಿಯಬೇಡಿ. ಹಳೆಯ ಪಠ್ಯಗಳೆಲ್ಲ ಪುಕ್ಕಟೆ ಸಿಗುತ್ತವೆ. ಕ್ರೌಲಿ ಸತ್ತಿದ್ದು 1947ರಲ್ಲಿ, ನಮ್ಮ ಕಾನೂನಿನಲ್ಲಿ ಲೇಖಕ ಸತ್ತ 60 ವರ್ಷಕ್ಕೆ ಕಾಪಿರೈಟ್ ಮುಗಿಯುತ್ತದೆ. ಆಮ್‌ಸ್ಟರ್‌ಡ್ಯಾಮಿನ ರಿಟ್‌ಮನ್ ಗ್ರಂಥಾಲಯ ಶತಮಾನಗಳ ಹಿಂದಿನ ಹರ್ಮೆಟಿಕ್ (ಪಾಶ್ಚಾತ್ಯರ ಹಳೆಯ ಗೂಢವಿದ್ಯೆ) ಮತ್ತು ರಸವಿದ್ಯೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ಗೆ ಹಾಕಿದೆ. 2016ರಲ್ಲಿ ಕಾದಂಬರಿಕಾರ ಡ್ಯಾನ್ ಬ್ರೌನ್ ಆ ಕೆಲಸಕ್ಕೆ 3 ಲಕ್ಷ ಯೂರೋ ಕೊಟ್ಟ. ಮೊದಲು ಅವನ್ನು ಓದಿ. ಯಾವ ಲೇಖಕ, ಯಾವ ಕಾಲ ನಿಮ್ಮನ್ನು ಹಿಡಿಯುತ್ತದೆ ಅಂತ ಗೊತ್ತಾದ ಮೇಲೆ ಕೊಳ್ಳಿ. ಎಲ್ಲವನ್ನೂ ಒಂದೊಂದು ಕೊಂಡವರ ಕಪಾಟು ಸಾಮಾನ್ಯವಾಗಿ ಬೇಜಾರಿನದ್ದು.

ಹಾಗಂತ ಹೊಸ ಪ್ರಕಾಶಕರನ್ನು ನಾನು ಹೀಗಳೆಯುತ್ತಿಲ್ಲ. ಇಂಗ್ಲೆಂಡಿನ ಫುಲ್ಗರ್, ಸ್ಕಾರ್ಲೆಟ್ ಇಂಪ್ರಿಂಟ್ ಇವರ ಬೈಂಡಿಂಗ್, ಕಾಗದ, ಅಚ್ಚು ನೋಡಿದರೆ ಕಣ್ಣು ತಣಿಯುತ್ತದೆ. ಸ್ಕಾರ್ಲೆಟ್ ಇಂಪ್ರಿಂಟ್‌ನವರು ದುಬಾರಿ ಆವೃತ್ತಿಯ ಜೊತೆಗೆ ಕಡಿಮೆ ಬೆಲೆಯ ಪೇಪರ್‌ಬ್ಯಾಕನ್ನೂ ತರುತ್ತಾರೆ. ಇಷ್ಟಪಟ್ಟು ಕೊಳ್ಳಿ, ನಾಳೆ ಎರಡರಷ್ಟಾಗುತ್ತದೆ ಅಂತ ಕೊಳ್ಳಬೇಡಿ. ಹೊರದೇಶದಿಂದ ತರಿಸುವಾಗ ಸಾಗಣೆಯ ಖರ್ಚೇ ಪುಸ್ತಕಕ್ಕಿಂತ ಜಾಸ್ತಿ ಆಗುವುದುಂಟು. 2019ರ ಬಜೆಟ್‌ನಲ್ಲಿ ಆಮದು ಪುಸ್ತಕಕ್ಕೆ 5% ಸುಂಕವನ್ನೂ ಹಾಕಿದರು.

ನಮ್ಮ ಕಡೆಯೇ ಸಿಗುವುದು ಅಂದರೆ ಥಿಯಾಸಫಿ, ಎಲ್ಲ ಧರ್ಮಗಳ ಒಳಗಿನ ಗೂಢ ಸತ್ಯ ಹುಡುಕುವ ಪಂಥದ ಪುಸ್ತಕಗಳು. ಅದನ್ನು ಕಟ್ಟಿದವರಲ್ಲಿ ಒಬ್ಬಳಾದ ಬ್ಲಾವಟ್‌ಸ್ಕಿಯ 'ಐಸಿಸ್ ಅನ್‌ವೇಲ್ಡ್' 1877ರಲ್ಲಿ ನ್ಯೂಯಾರ್ಕಿನಲ್ಲಿ ಬಂದಾಗ ಮೊದಲ ಸಾವಿರ ಪ್ರತಿ ಸುಮಾರು ಹತ್ತೇ ದಿನದಲ್ಲಿ ಖಾಲಿ. 1882ರಲ್ಲಿ ಈ ಪಂಥದ ಸಂಸ್ಥೆ ಥಿಯಾಸಾಫಿಕಲ್ ಸೊಸೈಟಿಯ ಕೇಂದ್ರ ಮದರಾಸಿನ ಅಡ್ಯಾರಿಗೆ ಬಂತು. ಅಲ್ಲಿ ಅಚ್ಚಾದ ಪುಸ್ತಕಗಳು ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಇನ್ನೂ ಕಾಣಿಸುತ್ತವೆ. ನನ್ನ ಹತ್ತಿರ ಇರುವ ಒಂದನ್ನು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ 80 ರೂಪಾಯಿಗೆ ಕೊಂಡಿದ್ದು. ಒಳಗೆ ಸೊಸೈಟಿಯ ಯಾವುದೋ ಲಾಡ್ಜಿನ (ಶಾಖೆಯ) ಲೈಬ್ರರಿ ಸೀಲು, ನೇರಳೆ ಮಸಿಯಲ್ಲಿ. ಬೆನ್ನು ಹರಿದಿದೆ, ಹುಳ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸುರಂಗ ಕೊರೆದಿದೆ. ಬೀರುವಿನಲ್ಲಿ ನಾನು ಜಾಸ್ತಿ ಸಲ ಹೊರಗೆ ತೆಗೆಯುವುದು ಅದನ್ನೇ.

ನಿಮ್ಮ 30 ಸಾವಿರದ ಪುಸ್ತಕದ ಫೋಟೋ ಇದ್ದರೆ ಹಾಕಿ. ಶೀರ್ಷಿಕೆ ಪುಟದ ಹಿಂಬದಿ, ನಂಬರ್ ಬರೆದ ಪುಟ, ಬೆನ್ನು, ಈ ಮೂರೂ ಬೇಕು.