‘ಐ ವಿಶ್’ ಆದಮೇಲೆ ಯಾವ ಕಾಲ?

ಪ್ರಶ್ನೆ: ನಮ್ಮದು ಮಡಿಕೇರಿ ಹತ್ತಿರ ಹೋಂಸ್ಟೇ. ಅತಿಥಿಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುವಾಗ ‘ಐ ವಿಶ್’ ಎಂದ ಕೂಡಲೇ ತಡವರಿಸುತ್ತೇನೆ. ‘ಐ ವಿಶ್ ವಿ ಹ್ಯಾವ್ ಎ ಜನರೇಟರ್’, ‘ಐ ವಿಶ್ ಯು ಕೇಮ್ ಲಾಸ್ಟ್ ವೀಕ್’, ‘ಐ ವಿಶ್ ದ ರೈನ್ ವಿಲ್ ಸ್ಟಾಪ್’ – ಇವು ಸರಿಯೇ?
– ಓದುಗರು, ಮಡಿಕೇರಿ

ಉತ್ತರ: ಮೂರನ್ನೂ ತಿದ್ದಬೇಕು. ಮೊದಲು, ನಿಜ ಏನಿದೆಯೋ ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ: ‘ವಿ ಡೋಂಟ್ ಹ್ಯಾವ್ ಎ ಜನರೇಟರ್’. ಇಲ್ಲ ಎಂಬುದನ್ನು ಇದೆ ಮಾಡಿ, ಕ್ರಿಯಾಪದವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ: ‘ಐ ವಿಶ್ ವಿ ಹ್ಯಾಡ್ ಎ ಜನರೇಟರ್’. ಇಲ್ಲಿ ‘ಹ್ಯಾಡ್’ ನಿನ್ನೆಯದನ್ನು ಹೇಳುತ್ತಿಲ್ಲ, ಈಗಿನ ಕೊರತೆಯನ್ನೇ ಹೇಳುತ್ತಿದೆ.

ನಿಜ ಸಂಗತಿಯೇ ಭೂತಕಾಲದ್ದಾದರೆ ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬೇಕು. ‘ಯು ಡಿಡಂಟ್ ಕಮ್ ಲಾಸ್ಟ್ ವೀಕ್’ ಎಂಬುದು ‘ಐ ವಿಶ್ ಯು ಹ್ಯಾಡ್ ಕಮ್ ಲಾಸ್ಟ್ ವೀಕ್’ ಆಗುತ್ತದೆ. ‘ಹ್ಯಾಡ್ ಕೇಮ್’ ತಪ್ಪು. ಕಣದಲ್ಲಿ ಹರಡಿದ ಕಾಫಿ ರಾತ್ರಿ ಮಳೆಗೆ ನೆನೆಯಿತೇ? ‘ಐ ವಿಶ್ ಐ ಹ್ಯಾಡಂಟ್ ಲೆಫ್ಟ್ ದ ಕಾಫಿ ಔಟ್.’ ನಿನ್ನೆ ರಾತ್ರಿ ಜನರೇಟರ್ ಇರಲಿಲ್ಲವೆಂದರೆ ‘ಐ ವಿಶ್ ವಿ ಹ್ಯಾಡ್ ಹ್ಯಾಡ್ ಎ ಜನರೇಟರ್ ಲಾಸ್ಟ್ ನೈಟ್’. ಎರಡು ‘ಹ್ಯಾಡ್’ ಕಂಡು ಅನುಮಾನ ಬೇಡ, ಅದೇ ಸರಿ. ನಮಗೆ ಎಡವಟ್ಟಾಗುವುದು ಇಲ್ಲೇ. ಕನ್ನಡದಲ್ಲಿ ‘ಇದ್ದಿದ್ದರೆ’ ಎಂಬ ಒಂದೇ ರೂಪ ಈಗಿನ ಕೊರತೆಗೂ ನಿನ್ನೆಯದಕ್ಕೂ ನಡೆಯುತ್ತದೆ, ಇಂಗ್ಲಿಷಿನಲ್ಲಿ ನಡೆಯುವುದಿಲ್ಲ.

ಮಳೆ ನಮ್ಮ ಕೈಯಲ್ಲಿಲ್ಲ. ಹಾಗೆ ನಮ್ಮ ಹಿಡಿತಕ್ಕೆ ಸಿಗದ್ದು ಬದಲಾಗಲಿ ಎನ್ನುವಾಗ ‘ವುಡ್’: ‘ಐ ವಿಶ್ ದ ರೈನ್ ವುಡ್ ಸ್ಟಾಪ್’. ಆದರೆ ತನ್ನ ಬಗ್ಗೆ ಹೇಳಿಕೊಳ್ಳುವಾಗ ‘ಐ ವಿಶ್ ಐ ವುಡ್’ ಎನ್ನುವುದಿಲ್ಲ, ‘ಐ ವಿಶ್ ಐ ಕುಡ್’ ಎನ್ನುತ್ತಾರೆ. ಅತಿಥಿಗಳ ಮುಂದೆ ಮಾತ್ರ ‘ವುಡ್’ ಜೋಪಾನ. ‘ಐ ವಿಶ್ ಯು ವುಡ್ ಕಮ್ ಬೈ ನೈನ್’ ಎಂದರೆ ಗದರಿದಂತೆ ಕೇಳುತ್ತದೆ. ಒಂಬತ್ತಕ್ಕೆ ಊಟಕ್ಕೆ ಕರೆಯಲು ‘ಕುಡ್ ಯು ಪ್ಲೀಸ್ ಕಮ್ ಬೈ ನೈನ್?’ ಸಾಕು.

ಪ್ರಶ್ನೆ: ‘ಹೋಪ್’ಗೂ ಇದೇ ನಿಯಮವೇ? ‘ಐ ವಿಶ್ ಐ ವಾಸ್’ ಸರಿಯೋ, ‘ವರ್’ ಸರಿಯೋ?
– ಪಿಯು ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಇಲ್ಲ. ಆಗಬಹುದಾದ್ದಕ್ಕೆ ‘ಹೋಪ್’, ಅದರ ಮುಂದೆ ವರ್ತಮಾನಕಾಲವೇ ಸಾಕು. ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂವರಳಿಸುವ ಮಳೆ) ಬೀಳುವ ಸಾಧ್ಯತೆ ಇದ್ದೇ ಇದೆ, ಹಾಗಾಗಿ ‘ಐ ಹೋಪ್ ಇಟ್ ರೇನ್ಸ್ ಇನ್ ಮಾರ್ಚ್’. ಆಡುಮಾತಿನಲ್ಲಿ ‘ವಾಸ್’ ಧಾರಾಳವಾಗಿ ಕೇಳಿಬರುತ್ತದೆ, ಪರೀಕ್ಷೆಯಲ್ಲಿ ‘ವರ್’ ಬರೆಯಿರಿ. ‘ಐ ವಿಶ್ ಯು ಎ ಹ್ಯಾಪಿ ಹುತ್ತರಿ’ ಎನ್ನುವಾಗ ಈ ಯಾವ ನಿಯಮವೂ ಬೇಕಿಲ್ಲ, ಅದು ಬರೀ ಶುಭಾಶಯ.